ಮಗಳ ಗೆರೆ

ಫೆಬ್ರವರಿ 10

ಮಗಳು ಕನಿಶಾಯಳ ಹಳೆಯ ಗಣಿತದ ನೋಟುಬುಕ್ಕಿನಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿತ್ತು. ಒಲೆಗೆ ಹಾಕಲು ಮನಸ್ಸು ಬರಲಿಲ್ಲ, ಇದರಲ್ಲೇ ಬರೆಯುತ್ತೇನೆ. ಬಾಯಿಬಿಟ್ಟು ಹೇಳಿದರೆ ಜನ ನಗುವಂಥದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಇವತ್ತು ಬುರ್ಮಾ ಏಜೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಮೇ ತಿಂಗಳಲ್ಲಿ ರಾಜಧಾನಿ ಬಿಷ್ಕೆಕ್‌ನಲ್ಲಿ ದೊಡ್ಡ ಪ್ರದರ್ಶನವಿದೆಯಂತೆ. ನಮ್ಮೂರು ಅತ್‌ಬಾಶಿಯಿಂದ ಒಂದು ಶಿರ್ದಾಕ್, ಉಣ್ಣೆಯ ಹಾಸು, ಹೋಗಬೇಕಂತೆ, ನಾಲ್ಕು ಮೀಟರಿನದು. ನಮ್ಮ ಕಾರ್ಖಾನೆ ಅಂದರೆ ಹಳೇ ಶಿಶುವಿಹಾರದ ಎರಡು ಕೋಣೆ, ಎಂಟು ಹೆಂಗಸರು. ಬುರ್ಮಾ ಏಜೆ ಯಜಮಾನಿ, ಹಿರಿಯಕ್ಕ ಅಂತ ಎಲ್ಲರೂ ಏಜೆ ಅನ್ನುತ್ತೇವೆ. ಉಣ್ಣೆ ತುಳಿದು ಹಾಳೆ ಮಾಡುವವರು ಒಬ್ಬರು, ಬಣ್ಣ ಹಾಕುವವರು ಒಬ್ಬರು, ಹೊಲಿಯುವವರು ನಾಲ್ವರು. ಹಾಸಿನ ಮೇಲೆ ಗೆರೆ ಹಾಕಿ ಕತ್ತರಿಸುವವಳು ನಾನು. ಹದಿನೇಳು ವರ್ಷದಿಂದ ನಾನೇ.

ಅದಕ್ಕೇ ಏಜೆ "ಹೊಸದೇನಾದ್ರೂ ತೋಚಿದ್ರೆ ಕಾಗದದ ಮೇಲೆ ಬರ್ಕೊಂಡು ಬನ್ನಿ, ಯಾರು ಬೇಕಾದ್ರೂ" ಅಂದಾಗ ಎಲ್ಲರೂ ನನ್ನ ಕಡೆಗೇ ತಿರುಗಿದರು. ಹೊಲಿಗೆಯ ಝಿಪಾರ್ ಮಾತ್ರ, "ಇನ್ನೇನು, ಉಲ್ಕಾನ್ ಮತ್ತೆ ಟಗರಿನ ಕೊಂಬು ಸುತ್ತುತ್ತಾಳೆ" ಅಂದಳು. ಟಗರಿನ ಕೊಂಬು ನಮ್ಮ ಹಾಸುಗಳ ಹಳೇ ಗೆರೆ, ನನ್ನ ಗೆರೆ. ನಗೆಯೆದ್ದಿತು. ನಾನೂ ನಕ್ಕೆ.

ಫೆಬ್ರವರಿ 14

ಮೂರು ದಿನ ಕೂತು ಬರೆದೆ. ನಡುವೆ ನಾಲ್ಕು ಜೋಡಿ ಕೊಂಬು, ಅಂಚಿಗೆ ಹಕ್ಕಿಯ ರೆಕ್ಕೆ, ಮೂಲೆಗಳಲ್ಲಿ ನಮ್ಮಮ್ಮ ಹಾಕುತ್ತಿದ್ದ ಬಾದಾಮಿ. ಎಲ್ಲೂ ಗೆರೆ ತಪ್ಪಿಲ್ಲ. ಎರ್ಮೆಕ್ ವ್ಯಾನು ನಿಲ್ಲಿಸಿ ಊಟಕ್ಕೆ ಬಂದವನು ನೋಡಿ "ಚೆನ್ನಾಗಿದೆ" ಅಂದ. ನನ್ನ ಗಂಡ ಹದಿನೇಳು ವರ್ಷದಿಂದ ಪ್ರತಿಯೊಂದನ್ನೂ ನೋಡಿ ಅದೇ ಮಾತು ಅಂದಿದ್ದಾನೆ.

ಫೆಬ್ರವರಿ 18

ಏಜೆ ಕನಿಶಾಯಳ ಕಾಗದ ಆರಿಸಿದರು.

ಅವಳು ಬರೆದಿದ್ದಾಳೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಒಂಬತ್ತನೇ ತರಗತಿ, ಹದಿನಾರು ತುಂಬಲು ಇನ್ನೂ ಎರಡು ತಿಂಗಳು. ಶಾಲೆ ಬಿಟ್ಟ ಮೇಲೆ ಚಳಿ ಕಾಯಿಸಿಕೊಳ್ಳಲು ಕಾರ್ಖಾನೆಗೆ ಬರುತ್ತಾಳೆ, ಅಂಚಿನ ದಾರ ಹೊಸೆದುಕೊಡುತ್ತಾಳೆ. ಮೊನ್ನೆ ಯಾವಾಗಲೋ ಏಜೆಯ ಕೈಗೆ ಕಾಗದ ಕೊಟ್ಟು ಹೋಗಿದ್ದಾಳೆ. ನನಗಲ್ಲ, ಏಜೆಗೆ.

ಏನು ಬರೆದಿದ್ದಾಳೆ ಅಂತ ಇಲ್ಲಿ ಬರೆದಿಡುತ್ತೇನೆ. ಬೀದಿ ಕೊಳಾಯಿಯ ಮುಂದೆ ನೀರಿಗೆ ನಿಂತ ಹೆಂಗಸರ ಸಾಲು. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೆ ಬಕೆಟ್ಟು, ಚಳಿಗೆ ಬಾಗಿದ ಕತ್ತು. ದೂರದಿಂದ ನೋಡಿದರೆ ಅಡ್ಡೆಯ ಬಾಗು ಟಗರಿನ ಕೊಂಬಿನಂತೆಯೇ ಕಾಣುತ್ತದೆ, ಹಳೇ ಶಿರ್ದಾಕ್ ಅಂದುಕೊಳ್ಳಬೇಕು. ಹತ್ತಿರ ಬಂದರೆ ಹೆಂಗಸರು. ಅಷ್ಟೇ ಆಗಿದ್ದರೆ ಹೋಗಲಿ. ನಾವು ಬಿಳಿ ಹಾಳೆ ಕಪ್ಪು ಹಾಳೆ ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸುತ್ತೇವೆ. ಕಪ್ಪಿನಲ್ಲಿ ಕತ್ತರಿಸಿ ತೆಗೆದದ್ದು ಬಿಳಿಯ ತೂತಿಗೆ ಸರಿಯಾಗಿ ಕೂರುತ್ತದೆ. ಅವಳ ಗೆರೆಯಲ್ಲಿ ಇಬ್ಬರು ಕಪ್ಪು ಹೆಂಗಸರ ನಡುವೆ ಉಳಿದ ಜಾಗವೂ ಒಬ್ಬಳು ಹೆಂಗಸು. ತಲೆಕೆಳಗಾಗಿ ನಿಂತ ಬಿಳಿ ಹೆಂಗಸು. ಒಂದು ಚೂರೂ ಉಣ್ಣೆ ವ್ಯರ್ಥವಿಲ್ಲ. ಒಂದೇ ಗೆರೆ ಇಬ್ಬರ ಬೆನ್ನೂ ಆಗುತ್ತದೆ.

ಝಿಪಾರ್ "ಎಷ್ಟು ಚಂದ" ಅಂದಳು. ಮಿಕ್ಕವರೂ ಎಷ್ಟು ಚಂದ ಅಂದರು. ಅದು ಎಷ್ಟು ಕಷ್ಟ ಅನ್ನುವುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

"ಕುಡಿದ ತಾಯಿಹಾಲಿನ ಗುಣ" ಅಂತ ಏಜೆ ನನ್ನ ಬೆನ್ನು ತಟ್ಟಿದರು. ನನ್ನ ಕಾಗದ ಮಡಿಸಿ ನನಗೇ ಕೊಟ್ಟರು.

ಫೆಬ್ರವರಿ 19

ಹೆತ್ತವಳಿಗೆ ಹೊಟ್ಟೆಕಿಚ್ಚು ಎಲ್ಲಿಂದ ಬರಬೇಕು? ನನಗೆ ಸಂತೋಷವೇ. ತಲೆನೋವು, ಅಷ್ಟೆ.

ಮಾರ್ಚ್ 3

ಕನಿಶಾಯ್ ಈಗ ಅಡುಗೆಮನೆ ಮೇಜಿನ ಮೇಲೆಯೇ ಬರೆಯುತ್ತಾಳೆ. ಚಹಾ ಬಟ್ಟಲು ಇಡಲೂ ಜಾಗವಿಲ್ಲ. ಬೆಕ್ಕು, ಅಪ್ಪನ ವ್ಯಾನಿನ ಟಯರು, ನನ್ನ ಕೈ. ನನ್ನ ಕೈಯನ್ನು ಹಿಟ್ಟು ಕಲೆಸುವಾಗ ಬರೆದಿದ್ದಾಳೆ, ಗಂಟುಗಳ ಸಮೇತ, ಕೆಳಗೆ "ಅಪಾ" ಅಂದರೆ ಅಮ್ಮ ಅಂತ ಹೆಸರು ಹಾಕಿ. ನನ್ನ ಕೈ ಇಷ್ಟು ಮುದಿಯಾಗಿದೆಯೇ?

ಎರ್ಮೆಕ್ ತಮಾಷೆ ಮಾಡಿದ. "ಕೊಳಾಯಿ ಸಾಲನ್ನ ಯಾರಮ್ಮ ಗೋಡೆಗೆ ಹಾಕ್ಕೋತಾರೆ? ದಿನಾ ನಿಂತು ನಿಂತು ಸಾಕಾಗಿರುತ್ತೆ." ಅವಳು ಸುಮ್ಮನಿರಲಿಲ್ಲ. "ನೀನು ಯಾವತ್ತು ನಿಂತಿದ್ದೀಯ ಅಪ್ಪಾ?" ಅಂದಳು. ನನಗೆ ಒಳಗೊಳಗೇ ನಗು ಬಂತು, ತಡೆದುಕೊಂಡೆ.

ಬುರ್ಮಾ ಏಜೆ ಅವಳಿಗೆ ಬಿಷ್ಕೆಕ್‌ನ ಚಿತ್ರಶಾಲೆಯ ವಿಷಯ ಹೇಳಿದ್ದಾರೆ. ಒಂಬತ್ತನೇ ತರಗತಿ ಮುಗಿದ ಮಕ್ಕಳನ್ನು ಜುಲೈನಲ್ಲಿ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರಂತೆ. ಅವಳ ಬಾಯಲ್ಲಿ ಈಗ ಅದೊಂದೇ ಮಾತು.

ನನಗೂ ಒಂದು ಕಾಗದ ಬಂದಿತ್ತು. ಹದಿನಾರನೇ ವಯಸ್ಸಿನಲ್ಲಿ. ಆಗಿನ್ನೂ ಬಿಷ್ಕೆಕ್‌ಗೆ ಫ್ರುಂಜೆ ಅಂತ ಹೆಸರು. ಹಳ್ಳಿಹಳ್ಳಿಯ ಗೆರೆಗಳನ್ನು ಬರೆದುಕೊಳ್ಳಲು ಬಂದಿದ್ದ ಮೇಷ್ಟ್ರೊಬ್ಬರು ನಮ್ಮ ಗುಡಾರದಲ್ಲಿ ನನ್ನ ಹಾಸು ನೋಡಿ ಹೆಸರು ಬರೆದುಕೊಂಡು ಹೋಗಿದ್ದರು. ಚಿತ್ರಶಾಲೆಯಲ್ಲಿ ಸೀಟು ಇದೆ, ಸೆಪ್ಟೆಂಬರಿನಲ್ಲಿ ಬಾ ಅಂತ ಕಾಗದ. ಈ ವರ್ಷ ಕುರಿ ನೋಡಿಕೊಳ್ಳುವವರಿಲ್ಲ, ಮುಂದಿನ ವರ್ಷ ಹೋಗು ಅಂದರು ಅಮ್ಮ. ಮುಂದಿನ ವರ್ಷ ಸೋವಿಯತ್ ದೇಶವೇ ಉಳಿಯಲಿಲ್ಲ. ಆಮೇಲೆ ಮದುವೆ. ಇದನ್ನು ಎರ್ಮೆಕ್‌ಗೂ ಹೇಳಿಲ್ಲ, ಕನಿಶಾಯಳಿಗೂ ಹೇಳಿಲ್ಲ. ಹೇಳಿ ಏನಾಗಬೇಕು.

ಮಾರ್ಚ್ 12

ಇವತ್ತು ಕತ್ತರಿಸುವ ದಿನ. ನೆಲದ ಮೇಲೆ ಹಾಳೆಗಳನ್ನು ಹಾಸಿದ್ದೆವು, ಕೆಳಗೆ ಬಿಳಿ, ಮೇಲೆ ಕಪ್ಪು. ಕನಿಶಾಯ್ ಶಾಲೆಗೆ ಚಕ್ಕರ್ ಹೊಡೆದು ಬಂದು ಸೀಮೆಸುಣ್ಣದಲ್ಲಿ ತಾನೇ ಗೆರೆ ಹಾಕಿದಳು, ಮೊಣಕಾಲಿನ ಮೇಲೆ ತೆವಳಿಕೊಂಡು. ನಾನು ಕತ್ತಿ ಮಸೆದೆ. ಮೊದಲ ಮೂರು ಹೆಂಗಸರು ಸರಿಯಾಗಿಯೇ ಬಂದರು. ನಾಲ್ಕನೆಯವಳ ಹತ್ತಿರ ಕತ್ತಿ ಜಾರಿತು. ಅವಳ ಕತ್ತು, ಐದನೆಯವಳ ಕತ್ತು, ಆರನೆಯವಳ ಕತ್ತು, ಒಂದೇ ಎಳೆತಕ್ಕೆ ಹೋಯಿತು. ಎರಡೂ ಹಾಳೆ ಕೆಟ್ಟವು.

ಆಮೇಲೆ ಏಜೆ ಬಗ್ಗಿ ನೋಡಿ, ಉಲ್ಕಾನಳ ಕೈ ಯಾವತ್ತೂ ಜಾರಿದ್ದಿಲ್ಲ, ಕತ್ತಿನ ಹತ್ತಿರ ಗೆರೆ ತೀರಾ ಸಣ್ಣದಾಯಿತೇನೋ, ಉಣ್ಣೆ ಅಷ್ಟು ಸಣ್ಣದನ್ನು ತಡೆಯುವುದಿಲ್ಲವೇನೋ ಅಂದರು. ಎಲ್ಲರೂ ಕನಿಶಾಯಳ ಕಡೆ ನೋಡಿದರು. ಅವಳ ಕೆನ್ನೆ, ಕಿವಿ ಎಲ್ಲ ಕೆಂಪಾದವು.

"ಹೌದಾ ಅಪಾ? ಗೆರೆ ಸಣ್ಣದಾಯ್ತಾ?" ಅಂತ ನನ್ನನ್ನೇ ಕೇಳಿದಳು.

"ಉಣ್ಣೆ ಕಾಗದ ಅಲ್ಲ ಕಣೇ" ಅಂದೆ.

ಮತ್ತೊಂದು ಜೊತೆ ಹಾಳೆ ಇತ್ತು. ಅದನ್ನೂ ಕೆಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಕೊಂಬುಗಳನ್ನೇ ಅದಕ್ಕೆ ಹಾಕುವುದು ಅಂತ ಆಯಿತು.

ಮಾರ್ಚ್ 13

ಜಾರಲಿಲ್ಲ.

ಮಾರ್ಚ್ 22

ನಿನ್ನೆ ನೂರೂಜ್, ವಸಂತದ ಹೊಸವರ್ಷ. ಹಬ್ಬಕ್ಕೆ ಬೋರ್ಸೋಕ್ ಹಿಟ್ಟಿನುಂಡೆ ಕರಿದು ಮೇಜಿನ ತುಂಬ ಸುರಿದಿದ್ದೆ. ಬಂದವರೆಲ್ಲ ತಿಂದರು, ಹರಸಿದರು. ಪ್ರದರ್ಶನಕ್ಕೆ ಉಲ್ಕಾನಳ ಶಿರ್ದಾಕ್ ಹೋಗುತ್ತಂತೆ ಅಂತ ಬೀದಿಗೆಲ್ಲ ಗೊತ್ತಾಗಿದೆ. ಕನಿಶಾಯ್ ತಟ್ಟೆ ತೊಳೆದಳು, ಹಿರಿಯರಿಗೆ ಚಹಾ ಬಗ್ಗಿಸಿದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಎಂಥಾ ಮಗಳು, ಎಂಥಾ ಮಗಳು ಅಂತ ಹೊಗಳಿದರು.

ಮೇಜಿನ ಮೇಲೆ ಈಗ ಬಣ್ಣದ ಪೆನ್ಸಿಲುಗಳಿಲ್ಲ. ಬಟ್ಟಲು ಎಲ್ಲಿ ಬೇಕಾದರೂ ಇಡಬಹುದು.

ಏಪ್ರಿಲ್ 8

ನನ್ನ ಹಾಸು ಮುಗಿಯುತ್ತ ಬಂತು. ನಾಲ್ವರೂ ಹೊಲಿಯುತ್ತಿದ್ದಾರೆ. ಒಂದು ಕಡೆಯೂ ಮುದುರಿಲ್ಲ, ಒಂದು ಮೂಲೆಯೂ ಎದ್ದಿಲ್ಲ. ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತೇನೆ. ಇನ್ನೂ ಚೆನ್ನಾಗಿ ಕಾಣಬೇಕಿತ್ತು ಅನ್ನಿಸುತ್ತದೆ.

ಏಪ್ರಿಲ್ 21

ಕನಿಶಾಯಳ ಹುಟ್ಟಿದಹಬ್ಬ. ಹದಿನಾರು. ನಾರಿನ್‌ನಿಂದ ಎರ್ಮೆಕ್‌ನ ಅಕ್ಕ ಬಂದಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಊಟದ ನಡುವೆ, ಒಂಬತ್ತನೆಯದು ಮುಗಿದ ಮೇಲೆ ನರ್ಸಿಂಗ್ ಶಾಲೆಗೆ ಸೇರಿಸಿ, ನಮ್ಮ ಮನೆಯಲ್ಲೇ ಇರಲಿ ಅಂದಳು. ಎರ್ಮೆಕ್‌ಗೆ ಬಾಯಿತುಂಬ ನಗು. ಕನಿಶಾಯ್ ಏನನ್ನುತ್ತಾಳೋ ಅಂತ ನಾನು ರೊಟ್ಟಿ ಮುರಿಯುತ್ತ ಕಾದೆ.

"ಆಗ್ಲಿ ಅತ್ತೆ" ಅಂದಳು.

ಅಷ್ಟೇ. ಹಟವಿಲ್ಲ, ಅಳುವಿಲ್ಲ. ನನ್ನ ಹಾಗೆ ಹಟ ಮಾಡದೆ ಕೆಟ್ಟ ಹುಡುಗಿ ಇನ್ನೊಬ್ಬಳು ಇದ್ದಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಯಾಕೋ ಅವಳ ಮೇಲೆ ಸಿಟ್ಟು ಬಂತು. ಪಾತ್ರೆ ಸದ್ದುಮಾಡಿ ಇಟ್ಟೆ.

ಮೇ 17

ಬಿಷ್ಕೆಕ್‌ಗೆ ಏಜೆಯ ಜೊತೆ ನಾನೂ ಹೋಗಿದ್ದೆ. ಎರಡು ದಿನ. ದೊಡ್ಡ ಸಭಾಂಗಣ, ಗೋಡೆಗೆಲ್ಲ ಶಿರ್ದಾಕ್‌ಗಳು. ನನ್ನದನ್ನು ಮೂರನೇ ಗೋಡೆಗೆ ಹಾಕಿದ್ದರು. ಎಡಕ್ಕೆ ಕೊಚ್ಕೊರ್‌ನವರದು, ಬಲಕ್ಕೆ ಇಸಿಕ್‌ಕುಲ್‌ನವರದು. ಮೂರೂ ಕೊಂಬು. ಸಭಾಂಗಣದ ಆ ತುದಿಯಿಂದ ನೋಡಿದಾಗ ನನ್ನದು ಯಾವುದು ಅಂತ ಒಂದು ಗಳಿಗೆ ನನಗೇ ಗೊತ್ತಾಗಲಿಲ್ಲ.

ಚಿತ್ರಶಾಲೆಯ ಮೇಷ್ಟ್ರೊಬ್ಬರು ಬಂದಿದ್ದರು. ಏಜೆಗೆ ಪರಿಚಯ. ನನ್ನ ಹಾಸಿನ ಅಂಚನ್ನು ಬೆರಳಲ್ಲಿ ಸವರಿ, ಕತ್ತರಿಕೆ ಬಹಳ ಶುದ್ಧವಾಗಿದೆ, ಇಂಥ ಕೈ ಈಗ ಕಡಿಮೆ ಅಂದರು. ಹಾಗೇ ನಿಂತಿದ್ದರು, ಇನ್ನೇನೋ ಹೇಳುತ್ತಾರೆ ಅಂದುಕೊಂಡೆ. ಮುಂದಿನ ಗೋಡೆಗೆ ಹೋದರು. ನನಗೊಂದು ಪ್ರಶಸ್ತಿಪತ್ರ ಕೊಟ್ಟಿದ್ದಾರೆ. ಎಲ್ಲರಿಗೂ ಕೊಟ್ಟರು.

ಮೇ 18

ಪ್ರಶಸ್ತಿಪತ್ರವನ್ನು ಗೋಡೆಗೆ ಹೊಡೆಯಲು ಎರ್ಮೆಕ್ ಮೊಳೆ ತಂದ. ಈಗ ಬೇಡ ಅಂದೆ. ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ.

ಮೇ 30

ಶಾಲೆ ಮುಗಿಯಿತು. ಕನಿಶಾಯ್ ದಿನವಿಡೀ ಕಾರ್ಖಾನೆಯಲ್ಲಿ ಇರುತ್ತಾಳೆ. ಕೂರುವ ದಿಂಬುಗಳಿಗೆ ಗೆರೆ ಹಾಕಲು ಏಜೆ ಅವಳಿಗೆ ಕೊಟ್ಟಿದ್ದಾರೆ. ಇವತ್ತು ಸೀಮೆಸುಣ್ಣ ಹಿಡಿದು ನನ್ನ ಪಕ್ಕ ಬಂದು ಕೂತಳು.

"ಅಪಾ, ಉಣ್ಣೆ ಯಾವ ಗೆರೆ ತಡೆಯುತ್ತೆ ಅಂತ ನೀನು ಹೇಳು. ನಾನು ಅಷ್ಟನ್ನೇ ಹಾಕ್ತೀನಿ."

ಹೇಳಿದೆ. ಹಾಕಿದಳು. ಕೊಂಬು. ನನ್ನದೇ ಕೊಂಬು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರತಿ ಬಾಗಿಗೂ ಕೈ ನಿಲ್ಲಿಸಿ ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ, ನಾನು ಹೂಂ ಅಂದರೆ ಮುಂದಕ್ಕೆ. ಹೂಂ, ಹೂಂ, ಹೂಂ. ಹನ್ನೊಂದು ದಿಂಬಿಗೆ ಹೀಗೆ ಹೂಂ ಅಂದೆ. ಹನ್ನೆರಡನೆಯದಕ್ಕೆ ಎದ್ದು ಹೊರಗೆ ಹೋದೆ.

ಝಿಪಾರ್ ಹಿಂದೆಯೇ ಬಂದು ಏನಾಯಿತೆಂದು ಕೇಳಿದಳು. ಬಣ್ಣದ ಆವಿ ತಲೆಗೇರಿತು ಅಂದೆ.

ಫೆಬ್ರವರಿಯಲ್ಲಿ ಆ ಕಾಗದ ನೋಡಿದಾಗ ಉರಿದ ಹೊಟ್ಟೆ ಇನ್ನೂ ಉರಿಯುತ್ತಲೇ ಇದೆ. ಆದರೆ ಅಷ್ಟು ಉರಿಸಿದ ಹುಡುಗಿ ಎಲ್ಲಿ ಹೋದಳು? ಇವತ್ತು ನನ್ನ ಪಕ್ಕ ಕೂತಿದ್ದವಳನ್ನು ನೋಡಿದರೆ ಯಾರಿಗೂ ಯಾತರ ಮತ್ಸರವೂ ಆಗುವ ಹಾಗಿಲ್ಲ.

ಜೂನ್ 4

ಏಜೆ ಕರೆದು ಬಾಗಿಲು ಹಾಕಿದರು. ಬಿಷ್ಕೆಕ್‌ನ ಮೇಷ್ಟ್ರು ಫೋನ್ ಮಾಡಿದ್ದರಂತೆ. ಈ ಕಡೆಯಿಂದ ಕಳಿಸುವಂಥ ಮಕ್ಕಳು ಯಾರಾದರೂ ಇದ್ದಾರೆಯೇ, ಅರ್ಜಿಗೆ ಜೂನ್ ಇಪ್ಪತ್ತೈದು ಕಡೆ ಅಂತ.

"ಅವಳೇ ನರ್ಸಿಂಗ್ ಅಂತಿದ್ದಾಳೆ ಏಜೆ" ಅಂದೆ.

"ಅವಳು ಏನಂತಾಳೆ ಅಂತ ನಾನು ಕೇಳಲಿಲ್ಲ. ನೀನೇನಂತೀಯ?"

ದಿಂಬಿನ ಕೆಲಸ ಇದೆ ಅಂತ ಎದ್ದೆ. ಏಜೆಗೆ ಅರವತ್ತೆಂಟು. ಕಣ್ಣು ಚೂಪು. ಕತ್ತಿಯ ವಿಷಯ ಅವರಿಗೆ ಮೊದಲೇ ಗೊತ್ತಿತ್ತೋ ಏನೋ.

ಜೂನ್ 7

ಕೆಟ್ಟ ಹಾಳೆಗಳು ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಮೂಟೆಕಟ್ಟಿ ಬಿದ್ದಿದ್ದವು. ಮನೆಗೆ ಹೊತ್ತು ತಂದೆ. ಏಜೆಗೆ ಹೇಳಿಯೇ ತಂದೆ, ಯಾಕೆ ಅಂತ ಅವರು ಕೇಳಲಿಲ್ಲ. ಎರ್ಮೆಕ್ ವ್ಯಾನಿನ ಜೊತೆ ನಾರಿನ್‌ನಲ್ಲಿದ್ದಾನೆ, ಕನಿಶಾಯ್ ದೊಡ್ಡಪ್ಪನ ಮನೆಯ ಕುರಿ ಉಣ್ಣೆ ಕತ್ತರಿಸಲು ಹೋಗಿದ್ದಾಳೆ, ಮೂರು ದಿನ.

ಬಾಕಿ ಉಳಿದ ಹೆಂಗಸರನ್ನೆಲ್ಲ ಕತ್ತರಿಸಿದೆ. ಗೆರೆ ಮಾಸಿದ್ದ ಕಡೆ ಅವಳ ಕಾಗದ ನೋಡಿಕೊಂಡೆ. ಕತ್ತಿನ ಹತ್ತಿರ ಸಣ್ಣದೇನೂ ಇರಲಿಲ್ಲ. ಬೆರಳಿನಷ್ಟು ಅಗಲ ಬಿಟ್ಟಿದ್ದಾಳೆ, ಎಲ್ಲಿ ಎಷ್ಟು ಬೇಕೋ ಅಷ್ಟು. ಯಾರೂ ಹೇಳಿಕೊಡದೆ. ನಾನು ಇದನ್ನು ಕಲಿಯಲು ಐದು ವರ್ಷ ಹಿಡಿದಿತ್ತು. ಕೆಲಸ ಮಾಡುತ್ತ ಮಾಡುತ್ತ ಎಷ್ಟು ಸಲ ಕತ್ತಿ ಕೆಳಗಿಟ್ಟು ಎದ್ದೆನೋ. ಮತ್ತೆ ಕೂತೆ.

ಜೂನ್ 9

ಉದ್ದುದ್ದ ಹೊಲಿಗೆ ಹಾಕಿ ಕಪ್ಪನ್ನು ಬಿಳಿಯೊಳಗೆ ಕೂರಿಸಿದೆ. ಕತ್ತು ಹೋದ ಮೂವರು ಹೆಂಗಸರಿಗೆ ಕೆಂಪು ಪಟ್ಟಿ ಹೊಲಿದು ಮುಚ್ಚಿದೆ. ದೂರದಿಂದ ಚಳಿಗೆ ಸುತ್ತಿಕೊಂಡ ಶಾಲಿನಂತೆ ಕಾಣುತ್ತದೆ. ಚೆನ್ನಾಗಿದೆ. ಆ ಕೆಂಪು ನನ್ನದು. ಇಡೀ ಹಾಸಿನಲ್ಲಿ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಜೂನ್ 10

ಕನಿಶಾಯ್ ಬಂದಳು. ಹಾಸನ್ನು ನೆಲಕ್ಕೆ ಹಾಸಿಟ್ಟಿದ್ದೆ. ಬಾಗಿಲಲ್ಲೇ ನಿಂತು ನೋಡಿದಳು. ಚೀಲ ಕೆಳಗಿಡಲಿಲ್ಲ. ಆಮೇಲೆ ಮಂಡಿಯೂರಿ ಕೂತು ಕೆಂಪು ಪಟ್ಟಿಯ ಅಂಚನ್ನು ಉಗುರಿನಿಂದ ಎತ್ತಿ ಕೆಳಗಿನ ಸೀಳನ್ನು ನೋಡತೊಡಗಿದಳು. ಬಹಳ ಹೊತ್ತು ನೋಡಿದಳು.

"ಅಪಾ, ಜಾರಿದ ಕತ್ತಿ ಇಷ್ಟು ನೇರ ಹೋಗುತ್ತಾ?"

ಹೇಳಬೇಕೆಂದೇ ಹಾಸಿಟ್ಟಿದ್ದೆ. ಹೇಗೆ ಶುರುಮಾಡಬೇಕೆಂದು ಮೂರು ದಿನ ಯೋಚಿಸಿದ್ದೆ. ಅವಳು ಅಷ್ಟು ಕೇಳಿದ ಮೇಲೆ ಆ ಮಾತುಗಳು ಯಾವುವೂ ಬೇಕಾಗಲಿಲ್ಲ.

"ಜಾರಲಿಲ್ಲ" ಅಂದೆ.

"ಬೇಕಂತ?"

"ಬೇಕಂತ."

"ಯಾಕೆ?"

"ನನಗೆ ಹೊಟ್ಟೆಕಿಚ್ಚಾಯ್ತು."

ಅವಳು ನಗುತ್ತಾಳೇನೋ ಅನ್ನಿಸಿತು, ತುಟಿ ಹಾಗೆ ಆಯಿತು. ನಗಲಿಲ್ಲ. "ನನ್ನ ಮೇಲೆ?" ಅಂದಳು, ಇನ್ಯಾರದೋ ವಿಷಯ ಕೇಳುವವಳ ಹಾಗೆ. ನಾನು ತಲೆಯಾಡಿಸಿದೆ. ಫ್ರುಂಜೆಯ ಕಾಗದದ ಕಥೆಯನ್ನೂ ಹೇಳಿದೆ. ಅದು ತಪ್ಪಾಯಿತು. ಮನ್ನಿಸು ಅಂತ ಕೇಳುವ ದಾರಿಯಂತೆ ಅವಳಿಗೆ ಕೇಳಿಸಿರಬೇಕು.

"ನೀನು ಎಲ್ಲರ ಮುಂದೆ ನನ್ನ ಗೆರೆ ಸಣ್ಣದು ಅಂದೆ" ಅಂದಳು. "ನಾನು ನಂಬಿದೆ. ಮೂರು ತಿಂಗಳು ನಂಬಿದೆ."

ಚೀಲ ಎತ್ತಿಕೊಂಡು ಬುರ್ಮಾ ಏಜೆಯ ಮನೆಗೆ ಹೋದಳು. ಇನ್ನೂ ಬಂದಿಲ್ಲ. ಅಲ್ಲೇ ಊಟ ಮಾಡಿ ಮಲಗುತ್ತಾಳೆ ಅಂತ ಏಜೆ ಫೋನ್ ಮಾಡಿದರು. ಬೇರೇನೂ ಹೇಳಲಿಲ್ಲ.

ಜೂನ್ 13

ಬಂದಿದ್ದಾಳೆ. ಮಾತಿಲ್ಲ. ಉಪ್ಪು ಬೇಕಾದರೆ ಎದ್ದು ತಾನೇ ತಗೊಳ್ಳುತ್ತಾಳೆ.

ಜೂನ್ 15

ಎರ್ಮೆಕ್‌ನಿಂದ ಮುಚ್ಚಿಡಲಾಗಲಿಲ್ಲ. ಅವಳು ಚಿತ್ರಶಾಲೆಗೆ ಅರ್ಜಿ ಹಾಕಬೇಕು, ನೀನು ಸಹಿ ಹಾಕಬೇಕು ಅಂದೆ. ಅಕ್ಕನಿಗೆ ಮಾತು ಕೊಟ್ಟಾಗಿದೆ ಅಂದ. ಚಿತ್ರ ಬರೆದು ಯಾರು ಉದ್ಧಾರವಾಗಿದ್ದಾರೆ, ನರ್ಸಾದರೆ ಎಲ್ಲಿ ಹೋದರೂ ಕೆಲಸ ಅಂದ. ಅದರಲ್ಲಿ ತಪ್ಪೇನೂ ಇಲ್ಲ. ಆಗ ನನ್ನ ಕಥೆ ಹೇಳಿದೆ, ಕಾಗದದ್ದೂ ಕತ್ತಿಯದ್ದೂ.

ಅವನು ವ್ಯಾನಿನ ಬೀಗದ ಕೈ ತಿರುಗಿಸಿದ. ಆಮೇಲೆ, "ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೇಳಲಿಲ್ಲ" ಅಂದ.

"ನೀನು ಕೇಳಲಿಲ್ಲ."

"ಚೆನ್ನಾಗಿದೆ ಅಂತ ದಿನಾ ಹೇಳ್ತಿದ್ನಲ್ಲ" ಅಂದ. ಪಾಪ, ಮನಸ್ಸಿನಿಂದಲೇ ಅಂದ. ಅರ್ಜಿ ತಗೊಂಡು ಸಹಿ ಹಾಕಿದ. ಅಕ್ಕನಿಗೆ ತಾನೇ ಹೇಳಿಕೊಳ್ಳುತ್ತಾನಂತೆ.

ಜೂನ್ 24

ಏಜೆ ಅರ್ಜಿ ತಗೊಂಡು ಖುದ್ದಾಗಿ ಹೋಗಿ ಕೊಟ್ಟು ಬಂದಿದ್ದಾರೆ. ಕನಿಶಾಯ್ ಮತ್ತೆ ಬರೆಯುತ್ತಿದ್ದಾಳೆ, ಮೇಜಿನ ಮೇಲೆ ಅಲ್ಲ, ಹೊರಗೆ ಕಟ್ಟೆಯ ಮೇಲೆ ಕೂತು. ನಾನು ನೀರು ತರಲು ಹೋದಾಗ ಪುಸ್ತಕವನ್ನು ಮಗುಚಿ ಹಾಕುತ್ತಾಳೆ. ನೋಡಬೇಕೆಂದು ಎಷ್ಟು ಆಸೆಯಾಗುತ್ತದೆಂದರೆ, ಕದ್ದು ನೋಡಲು ಅವಳು ಹೊರಗೆ ಹೋಗುವುದನ್ನೇ ಕಾಯುತ್ತೇನೆ. ಹೋಗುವಾಗ ಜೊತೆಗೇ ಒಯ್ಯುತ್ತಾಳೆ.

ಜುಲೈ 6

ನಾಳೆ ಪರೀಕ್ಷೆಗೆ ಹೊರಡುತ್ತಾಳೆ, ಅಪ್ಪನ ಜೊತೆ. ತಾವು ಮಾಡಿದ ಕೆಲಸ ಒಂದು ತರಬೇಕಂತೆ. ಆ ಹಾಸನ್ನೇ ಒಯ್ಯುತ್ತಾಳೆ.

ಮಧ್ಯಾಹ್ನ ಕೋಣೆಗೆ ಹೋದೆ. ಅವಳು ಚಿಕ್ಕ ಕತ್ತರಿ ಹಿಡಿದು ನನ್ನ ಕೆಂಪು ಪಟ್ಟಿಗಳನ್ನು ಬಿಚ್ಚುತ್ತಿದ್ದಳು. ಎರಡು ಆಗಲೇ ನೆಲದ ಮೇಲೆ ಬಿದ್ದಿದ್ದವು. ಹೊಲಿಗೆ ಒಂದೊಂದಾಗಿ ಕತ್ತರಿಸಿ, ಉಣ್ಣೆಗೆ ನೋವಾಗದ ಹಾಗೆ ದಾರ ಎಳೆದು ತೆಗೆಯುತ್ತಿದ್ದಳು.

"ಯಾಕೆ ತೆಗೀತೀಯ? ಮುಚ್ಚಿತ್ತಲ್ಲ" ಅಂದೆ.

ಹತ್ತಿರ ಹತ್ತಿರ ತಿಂಗಳಾದ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿ ಮಾತಾಡಿದಳು. "ಮುಚ್ಚೋದು ಬೇಡ. ಆಗಿದ್ದು ಆಗಿದೆ, ಕಾಣಲಿ."

ಆಮೇಲೆ ದಪ್ಪ ಕಪ್ಪು ದಾರ ಪೋಣಿಸಿ ಸೀಳುಗಳ ಎರಡು ಅಂಚನ್ನು ಹತ್ತಿರಕ್ಕೆ ಎಳೆದು ಹೊಲಿದಳು, ದೊಡ್ಡ ದೊಡ್ಡ ಹೊಲಿಗೆ, ಆಸ್ಪತ್ರೆಯಲ್ಲಿ ಗಾಯಕ್ಕೆ ಹಾಕುವ ಹಾಗೆ. ಒಂದು ಹೊಲಿಗೆಯೂ ಬಚ್ಚಿಟ್ಟಿಲ್ಲ. ಎದ್ದು ಹಿಂದೆ ಸರಿದು ನೋಡಿದಳು. ನಾನೂ ನೋಡಿದೆ.

ಕೊಳಾಯಿಯ ಮುಂದೆ ಸಾಲು ನಿಂತಿದೆ. ಮೂವರ ಕತ್ತು ಹೊಲಿದಿದೆ. ಆದರೂ ಬಕೆಟ್ಟು ಹೊತ್ತು ನಿಂತಿದ್ದಾರೆ.

ನನ್ನ ಕೆಂಪಿಗಿಂತ ಅದು ಎಷ್ಟೋ ಚೆನ್ನಾಗಿತ್ತು. ಅಲ್ಲಿ ಕೆಂಪು ಇರಬಾರದು ಅನ್ನುವುದು ನನಗೆ ಹೊಳೆಯಲೇ ಇಲ್ಲವಲ್ಲ. ಕತ್ತರಿಸಿದವಳು ನಾನು, ಅದನ್ನೂ ತನ್ನದು ಮಾಡಿಕೊಂಡಳು. ಆ ಕ್ಷಣ ನನ್ನ ಹೊಟ್ಟೆಯೊಳಗೆ ಫೆಬ್ರವರಿಯ ಬೆಂಕಿಯೇ ಎದ್ದಿತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅದರ ಜೊತೆಗೇ ದಾರಿಗೆ ರೊಟ್ಟಿ ಸಾಲುತ್ತದೋ ಇಲ್ಲವೋ ಅನ್ನುವ ಯೋಚನೆಯೂ ಬಂತು. ಹೋಗಿ ಹಿಟ್ಟು ಕಲೆಸಿದೆ.

ಜುಲೈ 16

ಪಟ್ಟಿಯಲ್ಲಿ ಅವಳ ಹೆಸರಿದೆ. ಎರಡನೆಯದು. ಫೋನು ಬಂದದ್ದು ಎರ್ಮೆಕ್‌ಗೆ. ಅವನು ವ್ಯಾನನ್ನು ರಸ್ತೆ ಮಧ್ಯೆ ನಿಲ್ಲಿಸಿ ಪ್ರಯಾಣಿಕರಿಗೆಲ್ಲ ಹೇಳಿದನಂತೆ. ಎರಡನೆಯದು ಅಂತ ಕೇಳಿದಾಗ, ಮೊದಲನೆಯದು ಯಾರದು, ಅದು ಹೇಗಿತ್ತು ಅಂತ ನನಗೆ ಕೋಪ ಬಂತು.

ಆಗಸ್ಟ್ 20

ಸುಟ್ಟ ಮೆಣಸಿನಕಾಯಿ, ಒಣಮೊಸರಿನ ಕುರುತ್, ಏಪ್ರಿಕಾಟ್ ಜಾಮು, ಎರಡು ಹೊದಿಕೆ, ಕಾಲುಚೀಲ ಆರು ಜೊತೆ. ಚೀಲಕ್ಕೆ ಏನೇನು ಹಾಕಬೇಕೆಂದು ಅವಳು ಒಂದು ಕಡೆ ನಾನು ಒಂದು ಕಡೆ ಕೂತು ಮಾತಾಡುತ್ತೇವೆ. ಕಾಲುಚೀಲದ ಬಗ್ಗೆ ಮಾತ್ರ. ಸಾಕು.

ಬಿಷ್ಕೆಕ್‌ಗೆ ಬಿಡಲು ಯಾರು ಬರಬೇಕು ಅಂತ ಎರ್ಮೆಕ್ ಕೇಳಿದ. "ಅಪಾ ಬರಲಿ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ.

ಆಗಸ್ಟ್ 31

ನಿನ್ನೆ ಬಿಟ್ಟು ಬಂದೆ. ಬೆಳಗ್ಗೆಯೇ ಶಾಲೆ ತಲುಪಿದ್ದೆವು. ಉದ್ದ ಕಾರಿಡಾರು, ಎರಡೂ ಕಡೆ ಬಾಗಿಲು, ಎಣ್ಣೆಬಣ್ಣದ ವಾಸನೆ. ಬಾಗಿಲ ಬಳಿ ಪುಸ್ತಕ ಹಿಡಿದು ಕೂತಿದ್ದ ಮುದುಕಿ ಕನ್ನಡಕ ಏರಿಸಿ "ಸೇರೋರು ಯಾರು?" ಅಂದಳು. ನನ್ನ ಬಾಯಿ ತೆರೆಯಿತು. ಏನು ಹೇಳಹೊರಟಿದ್ದೆನೋ ದೇವರಿಗೇ ಗೊತ್ತು. ಕನಿಶಾಯ್ "ನಾನು" ಅಂದಳು.

ಚಿತ್ರ ಬರೆಯುವ ಕೋಣೆಯ ಬಾಗಿಲು ತೆರೆದಿತ್ತು. ಎತ್ತರದ ಕಿಟಕಿಗಳು, ಸುತ್ತ ನಿಲ್ಲಿಸಿದ ಮರದ ಚೌಕಟ್ಟುಗಳು, ಎಲ್ಲ ಖಾಲಿ. ಅವಳು ಒಳಗೆ ಹೋಗಿ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದಳು. ನಾನು ಹೊಸ್ತಿಲ ಹೊರಗೇ ನಿಂತಿದ್ದೆ, ಹಾಸಿಗೆಯ ಸುರುಳಿ ಎದೆಗವಚಿಕೊಂಡು. ನಲವತ್ತು ವರ್ಷದ ಹೆಂಗಸು ಹೀಗೆ ಹೊರಗೇ ನಿಂತರೆ ಯಾರಾದರೂ ಏನಂದುಕೊಳ್ಳಬೇಕು. ಅವಳು ತಿರುಗಿ ನೋಡಿದಳು. ಹತ್ತಿರ ಬಂದು ಹಾಸಿಗೆಯ ಒಂದು ತುದಿ ಹಿಡಿದಳು. "ಭಾರ ಇದೆ, ಇಬ್ಬರೂ ಹೊರೋಣ" ಅಂದಳು. ಹಾಸ್ಟೆಲ್ ಮೂರನೇ ಮಹಡಿಯವರೆಗೆ ಇಬ್ಬರೂ ಹೊತ್ತೆವು. ಹಾಸಿಗೆ ಹಾಸಿಕೊಟ್ಟೆ. ಅಪ್ಪಿಕೊಳ್ಳಲಿಲ್ಲ. ಹೊರಡುವಾಗ ನನ್ನ ಕೋಟಿನ ಗುಂಡಿ ಬಿಚ್ಚಿದ್ದನ್ನು ಹಾಕಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೊಚ್ಕೊರ್‌ನಲ್ಲಿ ಹತ್ತಿದ ಹೆಂಗಸೊಬ್ಬಳು ಕೂತಳು. ಮಡಿಲಲ್ಲಿ ಸೇಬಿನ ಬುಟ್ಟಿ. ಎಲ್ಲಿಂದ ಬರುತ್ತಿದ್ದೀಯ ಅಂತ ಶುರುಮಾಡಿದಳು. ಮಗಳನ್ನು ಚಿತ್ರಶಾಲೆಗೆ ಬಿಟ್ಟು ಬಂದೆ ಅಂದೆ. ನೀನು ಏನು ಮಾಡುತ್ತೀಯ ಅಂದಳು. ಶಿರ್ದಾಕ್‌ಗೆ ಗೆರೆ ಹಾಕುತ್ತೇನೆ ಅಂದೆ.

"ಹಾಗಾದ್ರೆ ನಿನ್ನಿಂದಾನೇ ಬಂದಿರಬೇಕು. ಚೆನ್ನಾಗಿ ಬರೀತಾಳಾ?"

"ನನಗಿಂತ ಚೆನ್ನಾಗಿ" ಅಂದೆ.

ಅವಳು ನಕ್ಕು, ಹೆತ್ತವರೆಲ್ಲ ಹೀಗೇ ಹೇಳುತ್ತಾರೆ ಅಂದಳು. ನನ್ನ ಕೈಗೊಂದು ಸೇಬು ಕೊಟ್ಟು ಹಾಗೇ ಕಣ್ಣು ಮುಚ್ಚಿದಳು. ಹಾಗಲ್ಲ, ನಾನು ಹೆತ್ತವಳಾಗಿ ಹೇಳಿದ್ದಲ್ಲ ಅಂತ ಅವಳನ್ನು ಅಲುಗಾಡಿಸಿ ಎಬ್ಬಿಸಿ ಹೇಳಬೇಕು ಅನ್ನಿಸಿತು. ಅವಳ ತಲೆ ನನ್ನ ಹೆಗಲಿಗೆ ಬಂದು ಒರಗಿತು. ದೊಲೋನ್ ಕಣಿವೆ ದಾಟುವವರೆಗೂ ಅಲ್ಲಾಡದೆ ಕೂತಿದ್ದೆ. ಸೇಬು ಹುಳಿಯಾಗಿತ್ತು. ಪೂರ್ತಿ ತಿಂದೆ.